ಚಾಕ್ ಡಬ್ಬಿಯ ಚೀಟಿ

ನಾನು ಡಿಗ್ರಿಗೆ ಸೇರಿದ್ದು 1984ರಲ್ಲಿ. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ವರ್ಷ ಅದು. ಜಿಲ್ಲೆಯೇನೋ ಆಯಿತು, ನಮ್ಮ ಕಡೆಗೆ ಬಸ್ಸು ಮಾತ್ರ ಜಾಸ್ತಿ ಆಗಲಿಲ್ಲ. ಬದಿಯಡ್ಕದಿಂದ ಒಳಗೆ ನಮ್ಮ ಮನೆ. ತೋಟ ಇಳಿದು, ತೋಡಿಗೆ ಹಾಕಿದ ಅಡಿಕೆ ಮರದ ಸಂಕ ದಾಟಿ ರಸ್ತೆಗೆ ಬರಬೇಕು. ಆಟಿ ತಿಂಗಳ ಮಳೆಗೆ ಸಂಕ ಮುಳುಗಿದರೆ ಸುತ್ತು ದಾರಿ, ಬಸ್ಸು ತಪ್ಪುವುದು ಖಂಡಿತ. ಬಿಸಿಲಿದ್ದ ದಿನವೂ ನಾನು ತಡವಾಗಿಯೇ ಬರುತ್ತಿದ್ದೆ, ಅದು ಬೇರೆ ವಿಷಯ.

ಮೊದಲ ಪೀರಿಯಡ್ ಕನ್ನಡ. ಸರ್ ಕುಮಾರವ್ಯಾಸನ ಕರ್ಣಭೇದನ ಮಾಡುತ್ತಿದ್ದರು. ಕೃಷ್ಣ ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು, ನೀನು ಕುಂತಿಯ ಮೊದಲ ಮಗ, ಪಾಂಡವರ ಕಡೆ ಬಾ ಅನ್ನುತ್ತಾನೆ. ಕರ್ಣ ಒಪ್ಪುವುದಿಲ್ಲ. ನಾನು ಆಗಷ್ಟೇ ಬಂದು ಒದ್ದೆ ಕೊಡೆ ಮೂಲೆಗಿಟ್ಟು ಕೂತವನು, ಬಾಯಿ ಸುಮ್ನಿರಲಿಲ್ಲ.

"ಕರ್ಣ ಬರುವುದಿಲ್ಲ ಅಂತ ಕೃಷ್ಣನಿಗೆ ಮೊದಲೇ ಗೊತ್ತಿತ್ತಲ್ವಾ ಸರ್? ದೇವರಲ್ವಾ? ಮೊದಲೇ ಗೊತ್ತಿದ್ದ ಮೇಲೆ ಕರ್ಣ ಬೇರೆ ಏನು ಹೇಳಬಹುದಿತ್ತು? ಮತ್ತೆ ಅವನ ದೊಡ್ಡತನ ಎಂತದ್ದು?"

ಸರ್ ಸಿಟ್ಟಾಗಲಿಲ್ಲ. "ನೀನು ನಾಳೆಯೂ ತಡವಾಗಿ ಬರುತ್ತೀಯ, ಬರೆದಿಡುತ್ತೇನೆ ನೋಡು" ಅಂದರು. ಜೇಬಿನಿಂದ ಬಸ್ ಟಿಕೆಟ್ ತೆಗೆದು ಅದರ ಹಿಂದೆ ಏನೋ ಬರೆದರು. ಮಡಚಿ ಚಾಕ್ ಡಬ್ಬಿಗೆ ಹಾಕಿದರು. ಡಬ್ಬಿಯನ್ನು ಮುಂದಿನ ಬೆಂಚಿನ ಬೇಳದ ಹುಡುಗಿಯ ಕೈಗೆ ಕೊಟ್ಟು, "ಮನೆಗೆ ತೆಗೆದುಕೊಂಡು ಹೋಗು, ಬಿಚ್ಚಬೇಡ" ಅಂದರು.

ಮರುದಿನ ನಾನು ಟಾರ್ಚ್ ಹಿಡಿದು ಸಂಕ ದಾಟಿದೆ. ಮೊದಲ ಬಸ್ಸಿಗೇ ಹೊರಟೆ. ಅಮ್ಮನಿಗೆ ಆಶ್ಚರ್ಯ, ಹುಷಾರಿಲ್ಲವಾ ಅಂತ ಕೇಳಿದರು. ಸರ್ ಬರುವಾಗ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಡಬ್ಬಿ ಬಿಚ್ಚಿಸಿದರು. ಆ ಹುಡುಗಿ ಚೀಟಿ ಓದಿದಳು: "ನಾಳೆ ಇವನು ನನಗಿಂತ ಮೊದಲು ಬಂದು ಕೂತಿರುತ್ತಾನೆ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಗು ನಿಂತ ಮೇಲೆ ಸರ್ ಕೇಳಿದರು, "ನಿನ್ನನ್ನು ಎಬ್ಬಿಸಿದ್ದು ಈ ಚೀಟಿಯಾ?" ಅಲ್ಲ. ಚೀಟಿ ಬೇಳದಲ್ಲಿ ಡಬ್ಬಿಯೊಳಗಿತ್ತು. ನನ್ನನ್ನು ಎಬ್ಬಿಸಿದ್ದು ಅವರ ಬಾಯಿಮಾತು, ಮತ್ತೆ ನನ್ನ ಹಟ. "ಹಾಗಾದರೆ ಗೊತ್ತಿರುವುದು ಬೇರೆ, ದೂಡುವುದು ಬೇರೆ" ಅಂದರು.

ಅಲ್ಲಿಗೆ ಮುಗಿಯಬೇಕಿತ್ತು. ಬೇಳದ ಹುಡುಗಿ ಎದ್ದು ನಿಂತಳು. "ನಿಮ್ಮ ಚೀಟಿ ತಪ್ಪಬಹುದಿತ್ತು ಸರ್. ದೇವರ ಚೀಟಿ ತಪ್ಪುವುದಿಲ್ಲವಲ್ಲ? ಕೋಳಿ ಕೂಗುವ ಮೊದಲು ನನ್ನನ್ನು ಮೂರು ಸಲ ಅರಿಯೆ ಅನ್ನುತ್ತೀ ಅಂತ ಯೇಸು ತನ್ನ ಶಿಷ್ಯ ಪೇತ್ರನಿಗೆ ಮುಖಕ್ಕೇ ಹೇಳಿದ್ದರು. ಅವನಿಗೂ ಹಟ ಇತ್ತು, ಸಾಯುತ್ತೇನೆ ಹೊರತು ಹಾಗೆ ಮಾಡೆನು ಅಂದ. ಆದರೂ ಅಂದೇ ಬಿಟ್ಟ. ಆಮೇಲೆ ಯಾಕೆ ಅತ್ತ? ಅವನ ಕೈಯಲ್ಲಿ ಇಲ್ಲದ್ದಕ್ಕೆ ಅಳುವುದು ಯಾಕೆ?"

ಸರ್ ಬೋರ್ಡಿನ ಕಡೆ ತಿರುಗಿ ಒರೆಸತೊಡಗಿದರು. ಬೋರ್ಡಿನಲ್ಲಿ ಏನೂ ಇರಲಿಲ್ಲ.

ಆ ವಾರ ಪಾಠ ಮುಂದೆ ಹೋಗಲಿಲ್ಲ, ಪರೀಕ್ಷೆಗೆ ಅದರಿಂದ ತೊಂದರೆಯೂ ಆಯಿತು. ಆದರೆ 6ನೇ ಶತಮಾನದ ಬೊಯೀಥಿಯಸ್ ನಮಗೆ ಪರಿಚಯವಾದ. ರೋಮಿನ ದೊಡ್ಡ ಅಧಿಕಾರಿ, ಮರಣದಂಡನೆ ಎದುರು ನೋಡುತ್ತಾ ಜೈಲಿನಲ್ಲಿ ಕೂತು ಇದೇ ಪ್ರಶ್ನೆ ಬರೆದವನು. ದೇವರು 'ಮೊದಲೇ' ನೋಡುವುದಿಲ್ಲ, ಅವನಿಗೆ ನಿನ್ನೆ ನಾಳೆ ಇಲ್ಲ, ಎಲ್ಲವನ್ನೂ ಈಗಲೇ ನೋಡುತ್ತಾನೆ ಎನ್ನುವುದು ಅವನ ಉತ್ತರ. 13ನೇ ಶತಮಾನದ ಕ್ರೈಸ್ತ ದಾರ್ಶನಿಕ ಅಕ್ವಿನಾಸ್ ಇದಕ್ಕೆ ಎತ್ತರದಲ್ಲಿ ನಿಂತು ದಾರಿ ನೋಡುವವನ ಹೋಲಿಕೆ ಕೊಟ್ಟ. ಸರ್ ಅವನನ್ನು ನಮ್ಮ ಪೊಸಡಿಗುಂಪೆ ಗುಡ್ಡ ಹತ್ತಿಸಿದರು. ಕೆಳಗೆ ನಡೆಯುವವನಿಗೆ ಮುಂದಿನ ತಿರುವು ಕಾಣದು, ಗುಡ್ಡದ ಮೇಲಿನವನಿಗೆ ದಾರಿಯಿಡೀ ಕಾಣುತ್ತದೆ. ಕಂಡದ್ದರಿಂದ ಯಾರ ಕಾಲೂ ತಿರುಗುವುದಿಲ್ಲ.

ಗೀತೆಯನ್ನೂ ತೆಗೆದರು. 18ನೇ ಅಧ್ಯಾಯದ 61ನೇ ಶ್ಲೋಕದಲ್ಲಿ ಈಶ್ವರ ಎಲ್ಲರನ್ನೂ ಯಂತ್ರಕ್ಕೆ ಹತ್ತಿಸಿದ ಹಾಗೆ ತಿರುಗಿಸುತ್ತಾನೆ. 63ಕ್ಕೆ ಬಂದರೆ, ಚೆನ್ನಾಗಿ ಯೋಚಿಸಿ ನಿನಗೆ ಬೇಕಾದ ಹಾಗೆ ಮಾಡು. "ನಡುವೆ ಒಂದೇ ಶ್ಲೋಕ ಮಾರಾಯ್ರೇ" ಅಂತ ಸರ್ ತಲೆ ಕೆರೆದುಕೊಂಡರು. ಉಪ್ಪಳದ ಗೆಳೆಯ ಮಾತ್ರ ನೆಮ್ಮದಿಯಿಂದಿದ್ದ. ಮೊದಲು ಒಂಟೆ ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭಾರ ಹಾಕು ಅಂತ ಮದ್ರಸದಲ್ಲಿ ಕಲಿತಿದ್ದೇನೆ, ನನಗೆ ಅಷ್ಟು ಸಾಕು ಅಂದ.

ನನಗೆ ಸಾಕಾಗಲಿಲ್ಲ. ಎಷ್ಟೋ ವರ್ಷಗಳ ನಂತರ, ನೆಲ್ಸನ್ ಪೈಕ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞ 1965ರಲ್ಲಿ ಬರೆದ ಲೇಖನದ ವಿಷಯ ಓದಿದೆ. ಜೋನ್ಸ್ ಎಂಬವನು ಶನಿವಾರ ಹುಲ್ಲು ಕತ್ತರಿಸುತ್ತಾನೆ ಅಂತ ದೇವರಿಗೆ 80 ವರ್ಷ ಮೊದಲೇ ಗೊತ್ತಿದ್ದರೆ, ಶನಿವಾರ ಜೋನ್ಸ್ ಸುಮ್ನೆ ಮಲಗಬಹುದೇ? ಅರೇ, ಇದು ನಮ್ಮ ಬೇಳದ ಹುಡುಗಿಯದೇ ಪ್ರಶ್ನೆ! ಅದಕ್ಕೊಂದು ಉತ್ತರ ಹೀಗೆ: ನಾನು ಅವತ್ತು ಹೊದ್ದು ಮಲಗಿದ್ದರೆ ದೇವರ ಚೀಟಿಯಲ್ಲಿ ಬೇರೆಯೇ ಸಾಲು ಇರುತ್ತಿತ್ತು, ಚೀಟಿ ನನ್ನ ಹಿಂದೆ ಬರುತ್ತದೆ, ನಾನು ಚೀಟಿಯ ಹಿಂದೆ ಅಲ್ಲ. ನಾನು ಈಗ ಹಿಡಿದುಕೊಂಡಿರುವುದು ಇದನ್ನು. ಆದರೆ ಪೇತ್ರನ ಅಳು ನೆನಪಾದರೆ ಕೈ ಸ್ವಲ್ಪ ಸಡಿಲವಾಗುತ್ತದೆ.

ಸರ್ ನಿವೃತ್ತರಾದ ಮೇಲೆ ಒಮ್ಮೆ ಕುಂಬಳೆ ಕಡೆ ತಾಳಮದ್ದಳೆಯಲ್ಲಿ ಸಿಕ್ಕಿದರು. ಪ್ರಸಂಗ ಕರ್ಣಪರ್ವ. ಕರ್ಣ ಸಾಯುವುದು ಎಲ್ಲರಿಗೂ ಗೊತ್ತು, ಆದರೂ ಅಂಗಳ ತುಂಬಿತ್ತು. ಚಹಾ ಕುಡಿಯುವಾಗ ಚೀಟಿಯ ವಿಷಯ ತೆಗೆದೆ. "ನಾನು ಬೇಗ ಬರುತ್ತೇನೆ ಅಂತ ಅಷ್ಟು ಧೈರ್ಯದಲ್ಲಿ ಹೇಗೆ ಬರೆದಿರಿ ಸರ್?"

ಅವರು ಎಲೆಗೆ ಸುಣ್ಣ ಸವರುತ್ತಾ ನಕ್ಕರು.

"ತಡವಾಗಿ ಬರುತ್ತಿದ್ದರೆ ಜೇಬಿನಲ್ಲಿ ಇನ್ನೊಂದು ಚೀಟಿ ಇತ್ತಲ್ಲ ಮಾರಾಯ."