ಟೆನ್ನಿಸ್ ಕೋರ್ಟ್ ಹಾಳಾಗೋದು ಆಡೋದ್ರಿಂದ ಅಲ್ಲ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಟೆನ್ನಿಸ್ ಕೋರ್ಟ್ ಅಂದ್ರೆ ಹೆಚ್ಚುಕಮ್ಮಿ ಕಾಂಕ್ರೀಟ್ ಇಲ್ಲಾ ಡಾಂಬರಿನ ಮೇಲೆ ಅಕ್ರಿಲಿಕ್ ಪೇಂಟ್ ಬಳಿದಿರೋದೇ, ಅದಕ್ಕೇನ್ರೀ ಮೇಂಟೆನೆನ್ಸು, ಪೊರಕೆ ಹೊಡುದ್ರೆ ಆಯ್ತಲ್ಲ ಅಂತಾರೆ ಎಲ್ರೂ. ಸರಿ, ಹೊಡೆಯೋರು ಯಾರು?

ನಮ್ಮ ಕೋರ್ಟಿನ ಪಕ್ಕ ಸಾಲಾಗಿ ಹೊಂಗೆ ಮರ ಇದಾವೆ. ಬೇಸಿಗೆ ಶುರುವಲ್ಲಿ ಹೂ ಉದುರಿ ಕೋರ್ಟಿನ ಕೊನೆ ಗೆರೆ, ಅಂದ್ರೆ ಬೇಸ್‌ಲೈನೇ ಕಾಣಲ್ಲ, ಚೆಂದ ಏನೋ ಹೌದು, ಆದ್ರೆ ಅದರ ಮೇಲೊಂದು ಮಳೆ ಬಿದ್ದು ಹಾಗೇ ಬಿಟ್ರೆ ಚಹಾ ಚೆಲ್ಲಿದಂಗೆ ಕಂದು ಕಲೆ ಕೂತುಬಿಡುತ್ತೆ. ದಿನಾ ಬೆಳಗ್ಗೆ ಮೆತ್ತನೆ ಬ್ರಶ್ಶಲ್ಲಿ ಗುಡಿಸಿದ್ರೆ ಈ ತಲೆನೋವೇ ಇರಲ್ಲ.

ಇನ್ನೊಂದು ನೀರು. ಕೋರ್ಟಿಗೆ ಸುಮಾರು 10 ಅಡಿಗೆ 1 ಇಂಚು ಇಳಿಜಾರು ಕೊಟ್ಟಿರ್ತಾರೆ, ಒಂದೇ ಕಡೆಗೆ. ಆ ತಗ್ಗಿನ ಕಡೆ ಮೋರಿ ಜಾಲರೀಲಿ ಎಲೆ ಸಿಕ್ಕಾಕೊಂಡ್ರೆ ಮುಗೀತು, ನೀರೆಲ್ಲ ಅಲ್ಲೇ. ಕಾಂಪೌಂಡ್ ನೆರಳಿರೋ ಮೂಲೆಯಲ್ಲಂತೂ ಜುಲೈ ಬಂದ್ರೆ ಕಪ್ಪು ಹಸಿರು ಪಾಚಿ, ಕಾಲಿಟ್ರೆ ಜರ್ರಂತ. ಮಳೆ ನಿಂತ ತಕ್ಷಣ ಸ್ಪಂಜ್ ರೋಲರಲ್ಲಿ ನೀರು ತಳ್ಳಬೇಕು, ಪಾಚಿಗೆ ತೆಳುವಾಗಿ ಬ್ಲೀಚಿಂಗ್ ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟು ಮೆತ್ತಗೆ ಉಜ್ಜಿ ಚೆನ್ನಾಗಿ ತೊಳೀಬೇಕು, ಅಷ್ಟೇ.

ಆದ್ರೆ ನಮ್ಮೋರಿಗೆ ಕಾರ್ ತೊಳೆಯೋ ಪ್ರೆಶರ್ ವಾಷರ್ ಮೇಲೇ ಪ್ರೀತಿ. ಅದನ್ನ ಫುಲ್ ಪ್ರೆಶರಲ್ಲಿ ನೆಲಕ್ಕೆ ತಾಗೋ ಹಾಗೆ ಹಿಡುದ್ರೆ ಪಾಚಿ ಜೊತೆ ಪೇಂಟೂ ಎದ್ದು ಬರುತ್ತೆ. ಆ ಪೇಂಟಲ್ಲಿ ಸಣ್ಣ ಮರಳು ಬೆರೆಸಿರ್ತಾರೆ, ಶೂಗೆ ಗ್ರಿಪ್ ಸಿಗೋದೇ ಅದರಿಂದ, ಕೈಯಾಡಿಸಿದ್ರೆ ಸ್ಯಾಂಡ್‌ಪೇಪರ್ ಥರ ತರಿತರಿ ಅನ್ಸುತ್ತೆ. ಅದು ಹೋದ್ಮೇಲೆ ಕೋರ್ಟ್ ಪಳಪಳ ಅಂತ ಹೊಳೆಯುತ್ತೆ, ಕಮಿಟಿಯೋರು ಫೋಟೋ ತೆಗೆದು ಗ್ರೂಪಿಗೆ ಹಾಕ್ತಾರೆ, ಆಡೋರು ಜಾರಿ ಬೀಳ್ತಾರೆ.

ನೆಟ್ ಬಗ್ಗೆ ಜಾಸ್ತಿ ಹೇಳಲ್ಲ. ನಡುವೆ ಎತ್ತರ 3 ಅಡಿ ಇರ್ಬೇಕು, ಟೇಪ್ ಇಲ್ದಿದ್ರೆ ಒಂದು ರ‍್ಯಾಕೆಟ್ ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಇನ್ನೊಂದರ ತಲೆ ಅಡ್ಡ ಇಟ್ರೆ ಹತ್ತತ್ರ ಅಷ್ಟಾಗುತ್ತೆ.

ಗಣೇಶನ ಹಬ್ಬಕ್ಕೆ ಶಾಮಿಯಾನ ಕಂಬ, ಕಬ್ಬಿಣದ ಕುರ್ಚಿ ಎಲ್ಲಾ ಕೋರ್ಟಿನ ಮೇಲೇ ಎಳೆದಾಡ್ತಾರೆ, ವರ್ಷವಿಡೀ ಆಡಿದ್ರೂ ಅಷ್ಟು ಗೀರು ಬೀಳಲ್ಲ. ಈ ಸಲ ಪಾರ್ಕಿಂಗಲ್ಲಿ ಹಾಕ್ಸಿ ಅಂತ ಕೇಳಿದೀನಿ, "ಕಾರ್ ಎಲ್ಲಿ ನಿಲ್ಸೋದು ಸಾರ್" ಅಂತ ಉತ್ತರ ಬಂದಿದೆ.