ಸಿಪಾಯಿಯಾಗಿ ಸೇರಿದವರು

ಬೆಳಿಗ್ಗೆಯಿಂದ ನೈಜೀರಿಯಾದ ಜನರಲ್ ಅಗುಯಿ ಇರೊನ್ಸಿ ಅವರ ಬದುಕೇ ಮನಸ್ಸಿನಲ್ಲಿ ಕೂತಿದೆ. 1942ರಲ್ಲಿ ಬ್ರಿಟಿಷರ ಸೈನ್ಯಕ್ಕೆ ಸಾದಾ ಸಿಪಾಯಿಯಾಗಿ ಸೇರಿದವರು. 1964ರಲ್ಲಿ ಕಾಂಗೋದಲ್ಲಿ ವಿಶ್ವಸಂಸ್ಥೆಯ ಪಡೆಯನ್ನೇ ಮುನ್ನಡೆಸಿದರು. ಮರುವರ್ಷ ತಮ್ಮ ದೇಶದ ಸೈನ್ಯಕ್ಕೆ ಮುಖ್ಯಸ್ಥರಾದರು. 1960ರಲ್ಲೇ ಸ್ವಾತಂತ್ರ್ಯ ಬಂದಿದ್ದರೂ ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಬ್ರಿಟಿಷ್ ಅಧಿಕಾರಿಯೇ ಇದ್ದರು ಅಂದ್ರೆ ನೋಡಿ!

1966ರ ಜನವರಿಯ ದಂಗೆಯ ನಂತರ ದೇಶದ ಚುಕ್ಕಾಣಿಯೂ ಅವರ ಕೈಗೆ ಬಂತು. ಆರೇ ತಿಂಗಳು. ಜುಲೈ 29ರಂದು ಇಬಾದಾನ್‌ನಲ್ಲಿ ಅವರದೇ ಸೈನ್ಯದವರು ಅವರನ್ನು ಹಿಡಿದು ಕೊಂದರು.

ಅಲ್ಲಿ ಅವರಿಗೆ ಆತಿಥ್ಯ ಕೊಟ್ಟಿದ್ದ ಪಶ್ಚಿಮ ಪ್ರಾಂತ್ಯದ ಗವರ್ನರ್ ಫಜುಯಿ ಅವರನ್ನೂ ಕೊಲ್ಲದೆ ಬಿಡಲಿಲ್ಲ. ಅವರೂ ಸೈನಿಕರೇ, ಕಾಂಗೋದಲ್ಲಿ ಶೌರ್ಯ ಪದಕ ಪಡೆದವರು. ಮನೆಗೆ ಬಂದ ಅತಿಥಿಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ ಎಂದು ಅಲ್ಲಿನ ಜನ ಇಂದಿಗೂ ನೆನೆಯುತ್ತಾರೆ. ನನ್ನನ್ನು ಜಾಸ್ತಿ ಕಾಡುವುದು ಇವರೇ.