ಬೀರುವಿನ ಬೀಗದ ಕೈ

ನಮ್ಮ ಪೌರನೀತಿ ಮೇಷ್ಟ್ರು ತೀರಿಕೊಂಡರು ಅಂತ ಹೋದ ತಿಂಗಳು ಫೋನ್ ಬಂತು. ತಕ್ಷಣ ಕಣ್ಣಿಗೆ ಕಟ್ಟಿದ್ದು ಲೈಬ್ರರಿ ಬೀರುವಿನ ಬೀಗದ ಕೈ.

ಒಂಬತ್ತನೇ ತರಗತಿ. ನಾವು 'ಎ' ಸೆಕ್ಷನ್, ಓದಿದ ಅಪ್ಪ-ಅಮ್ಮ ಇದ್ದವರು. ಲೈಬ್ರರಿ ಪುಸ್ತಕ ನಮಗೆ ಮಾತ್ರ. 'ಬಿ' ಸೆಕ್ಷನ್ನಿನವರು ಹರಿದು ಹಾಕುತ್ತಾರೆ ಅನ್ನುವ ಮಾತು ಎಂದಿನಿಂದಲೋ ನಡೆದು ಬಂದಿತ್ತು. ಮೇಷ್ಟ್ರು ಬಾರ್ಬರಾ ಜಾನ್ಸ್ ಕಥೆ ಹೇಳುವವರೆಗೂ ಅದು ನಮಗೆ ತಪ್ಪು ಅನ್ನಿಸಿರಲಿಲ್ಲ.

ಅಮೆರಿಕದ ವರ್ಜೀನಿಯಾದ ಫಾರ್ಮ್‌ವಿಲ್. ಕಪ್ಪು ಮಕ್ಕಳಿಗೆಂದು ಇದ್ದ ಮೋಟನ್ ಹೈಸ್ಕೂಲು ಕಟ್ಟಿದ್ದು 180 ಮಂದಿಗೆ, ಓದುತ್ತಿದ್ದವರು 450ರಷ್ಟು. ಹೆಚ್ಚಾದವರಿಗೆ ಟಾರು ಕಾಗದ ಹೊದಿಸಿದ ಶೆಡ್ಡುಗಳು. 1951ರ ಏಪ್ರಿಲ್ 23ರಂದು, 16 ವರ್ಷದ ಆ ಹುಡುಗಿ ಸುಳ್ಳು ಫೋನ್ ಮಾಡಿಸಿ ಪ್ರಿನ್ಸಿಪಾಲರನ್ನು ಹೊರಗೆ ಕಳಿಸಿ, ಇಡೀ ಶಾಲೆಯನ್ನು ಸಭಾಂಗಣದಲ್ಲಿ ಸೇರಿಸಿ ಮುಷ್ಕರಕ್ಕೆ ಕರೆ ಕೊಟ್ಟಳು. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರ ಎಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ಬ್ರೌನ್ ತೀರ್ಪಿನ ಐದು ಮೊಕದ್ದಮೆಗಳಲ್ಲಿ ಆ ಮಕ್ಕಳದೂ ಒಂದು.

ನಾವು ಹಿಡಿದುಕೊಂಡದ್ದು ಸುಳ್ಳು ಫೋನನ್ನು! "ಹೆಡ್‌ಮೇಷ್ಟ್ರು ಕರೀತಿದ್ದಾರೆ" ಅಂತ ಜವಾನರನ್ನು ಸಾಗಹಾಕಿ, ಬೀಗದ ಕೈ ಎತ್ತಿ, ಬೀರುವಿನ ಪುಸ್ತಕಗಳನ್ನೆಲ್ಲ 'ಬಿ' ಸೆಕ್ಷನ್ನಿನ ಬೆಂಚುಗಳ ಮೇಲೆ ಪೇರಿಸಿದೆವು. ಉಪಾಯ ನನ್ನದೇ, ಇವತ್ತಿಗೂ ಅದರ ಬಗ್ಗೆ ಹೆಮ್ಮೆಯಿದೆ. ಬೈಗುಳ ಬಿದ್ದದ್ದು ಮಾತ್ರ 'ಬಿ' ಸೆಕ್ಷನ್ನಿನವರಿಗೆ.

ಮೇಷ್ಟ್ರು ಕೋಲು ಮುಟ್ಟಲಿಲ್ಲ. "ಸುಳ್ಳು ಹೇಳಿದ್ದು ನೆನಪಿಟ್ಕೊಂಡ್ರಿ. ಆಮೇಲೆ ಅವಳು ಎಲ್ಲರ ಎದುರು ವೇದಿಕೆ ಹತ್ತಿ ನಿಂತಿದ್ದು ಮರೆತ್ರಾ?" ಅಂದರು. ಆ ಮಧ್ಯಾಹ್ನವೇ ಹೆಡ್‌ಮೇಷ್ಟ್ರ ಮುಂದೆ ತಪ್ಪೊಪ್ಪಿಕೊಂಡೆವು. ರಾತ್ರಿ ಕೂತು, 'ಬಿ' ಸೆಕ್ಷನ್ನಿಗೂ ಪುಸ್ತಕ ಕೊಡಿ ಅಂತ ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆದೆ. ಮೇಷ್ಟ್ರು ಓದಿ ವಾಪಸ್ ಕೊಟ್ಟರು. "ಭಾಷೆ ಚೆನ್ನಾಗಿದೆ ಕಣೋ. ಪುಸ್ತಕ ಇಲ್ಲದಿರೋದು ಅವರಿಗೆ. ಅವರನ್ನ ಕೇಳಿದ್ಯಾ?"

ಹೋಗಿ ಅವರ ಬೆಂಚಿನಲ್ಲಿ ಕೂರಲು ನಮಗೆ ಎರಡು ದಿನ ಬೇಕಾಯಿತು. ಅವರಿಗೆ ಪುಸ್ತಕ ಮನೆಗೆ ಬೇಕಿರಲಿಲ್ಲ. ಮನೆಯಲ್ಲಿ ಓದಲು ಜಾಗವಿಲ್ಲ, ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು. ಬೆಳಗಿನ ಗಂಟೆಗೆ ಒಂದು ತಾಸು ಮುಂಚೆ ಲೈಬ್ರರಿ ಬಾಗಿಲು ತೆರೆದರೆ ಸಾಕು ಅಂದರು. ನನ್ನ ಅರ್ಜಿಯಲ್ಲಿ ಆ ಸಾಲೇ ಇರಲಿಲ್ಲ. ಹೊಸ ಅರ್ಜಿಯನ್ನು ಅವರ ಕೊನೆಯ ಬೆಂಚಿನ ಹುಡುಗಿ ಬರೆದಳು. ಹೆಡ್‌ಮೇಷ್ಟ್ರು ಎರಡು ಸಲ ತಳ್ಳಿಹಾಕಿ ಮೂರನೇ ಸಲ ಒಪ್ಪಿದರು.

ಆ ವರ್ಷದ ಬೇರೆ ಪಾಠ ಒಂದೂ ನೆನಪಿಲ್ಲ. ಈಗ ನನ್ನ ಮಗಳಿಗೆ 'ಶಿಕ್ಷಣದಲ್ಲಿ ಅಸಮಾನತೆ' ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಇಂಟರ್ನೆಟ್ಟಿನ ಚಿತ್ರ ಚಾರ್ಟಿಗೆ ಅಂಟಿಸಿದರೆ ಹತ್ತು ಅಂಕ. ಪಕ್ಕದ ಸೆಕ್ಷನ್ನಿಗೆ ಹೋಗಿ ಒಂದು ಪ್ರಶ್ನೆ ಕೇಳಲೂ ಮಕ್ಕಳಿಗೆ ಪುರುಸೊತ್ತಿಲ್ಲ. ನನಗೆ ಸಂಕಟವಾಗುತ್ತದೆ.

ಮೇಷ್ಟ್ರ ಶ್ರದ್ಧಾಂಜಲಿ ಸಭೆಗೆ ಅರ್ಜಿ ಬರೆದಾಕೆಯೂ ಬಂದಿದ್ದರು, ಈಗ ಶಿಕ್ಷಕಿ. "ಬೀಗದ ಕೈ ತೆಗೆದಿದ್ದು ನೀವು ತಾನೇ? ಅವತ್ತು ಬೈಸಿಕೊಂಡವರು ನಾವು" ಅಂದರು. ಹೆಡ್‌ಮೇಷ್ಟ್ರ ಮುಂದೆ ಒಪ್ಪಿಕೊಂಡಿದ್ದೆವು, ಅವರ ಮುಂದೆ ಒಪ್ಪಿಕೊಂಡೇ ಇರಲಿಲ್ಲ. ಮೇಷ್ಟ್ರ ಫೋಟೋದ ಎದುರೇ ಕ್ಷಮೆ ಕೇಳಿದೆ.